ತಾಯಿಯ ತಲೆ ಬಾಚಿದ ಮಗ

ಆರ್‌ಪಿಸಿ ಲೇಔಟ್, ಬೆಂಗಳೂರು
೧೩ ಜೂನ್ ೨೦೨೪

ಜಯಾ,

ನಾವೆಲ್ಲ ಆರಾಮ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. "ನನ್ನ ಜೊತೆ ಮಾತಾಡುತ್ತಲೇ ಗಿರಾಕಿಗೆ ಬಲ್ಬು ತೋರಿಸುತ್ತೀಯ, ಹೇಳುವುದಿದ್ದರೆ ಕೂತು ಬರಿ" ಅಂದವಳು ನೀನೇ. ಅದಕ್ಕೇ ಅಂಗಡಿಗೆ ಹೋಗುವ ಮೊದಲು ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ಹೊಟ್ಟೆಯುರಿ ಕೇಳು. ಪ್ರತಿ ಬುಧವಾರ ಸಂಜೆ ನಮ್ಮ ಸಹೃದಯ ಸೇವಾ ಕ್ಲಬ್ಬಿನ ಸಭೆ ಇರುತ್ತದಲ್ಲ. ಕಣ್ಣಿನ ಶಿಬಿರ, ರಕ್ತದಾನ, ಶಾಲೆಗಳಿಗೆ ನೀರಿನ ಫಿಲ್ಟರು ಅಂತ ಹದಿನಾಲ್ಕು ವರ್ಷದಿಂದ ಮರ್ಯಾದೆಯಾಗಿ ನಡೆದುಕೊಂಡು ಬಂದ ಕ್ಲಬ್ಬು. ಈ ವರ್ಷ ಯಾರ ತಲೆಗೆ ಹೊಳೆಯಿತೋ, 'ಗಂಡಸರ ವ್ಯಕ್ತಿತ್ವ ವಿಕಸನ' ಎಂಬ ಕಾರ್ಯಕ್ರಮ ಹಾಕಿಕೊಂಡಿದ್ದಾರೆ. ಅದಕ್ಕೊಬ್ಬ ತರಬೇತುದಾರ, ಶಿವಕಿರಣ್ ಅಂತ. ಮೂವತ್ತು ದಾಟಿರಲಿಕ್ಕಿಲ್ಲ. ಕೆನ್ನೆಗೆ ಮೈಕು ಅಂಟಿಸಿಕೊಂಡು ಬಂದು, "ಸಾರ್, ನೀವೆಲ್ಲ ಬಿಸಿನೆಸ್‌ನಲ್ಲಿ ಬೆಳ್ದಿದೀರಾ, ಮನೇಲಿ ಇನ್ನೂ ಬೆಳ್ದೇ ಇಲ್ಲ" ಅಂತ ಐವತ್ತೆಂಟು ವರ್ಷದ ನನಗೆ ಹೇಳುತ್ತಾನೆ. ಕೇಳಿಸಿಕೊಂಡು ಕೂರಬೇಕು, ಯಾಕೆಂದರೆ ನಾನು ಉಪಾಧ್ಯಕ್ಷ.

ಅವನು ಒಂದು ಪದ್ಧತಿ ಹಾಕಿಕೊಟ್ಟಿದ್ದಾನೆ. ವಾರಕ್ಕೊಬ್ಬ ಸದಸ್ಯ ಎದ್ದು ನಿಂತು, ಮನೆಯವರಿಗಾಗಿ ಸ್ವಂತ ಕೈಯಾರೆ ಮಾಡಿದ ಒಂದು ಕೆಲಸವನ್ನು ಮೂರು ನಿಮಿಷದಲ್ಲಿ ಹೇಳಬೇಕು. ಮೂರು ನಿಮಿಷ ಆದ ಕೂಡಲೇ ಅಧ್ಯಕ್ಷರು ಗಂಟೆ ಹೊಡೆಯುತ್ತಾರೆ. ನಮ್ಮ ಗಿರಿರಾಜ್ ಹೆಂಡತಿಗೆ ಟೀ ಕಾಸಿಕೊಟ್ಟೆ ಅಂದ. ಟೀ ಕಾಸಿದ್ದಕ್ಕೆ ನಲವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು! ನನ್ನ ಸರದಿಯೂ ಬಂದಿತ್ತು. ಏನೋ ಎರಡು ಮಾತಾಡಿ ಕೂತೆ.

ಇನ್ನೊಂದು ವಿಷಯ. ಅವ್ವನಿಗೆ ಲಕ್ವ ಹೊಡೆದು ಮಲಗಿದ್ದಾಗ ಬೆನ್ನು ಹುಣ್ಣಾಗದ ಹಾಗೆ ನೀನು ಏನು ಮಾಡುತ್ತಿದ್ದೆ? ಯಾವ ಎಣ್ಣೆ? ಗುರುತಿನವರೊಬ್ಬರು ಕೇಳಿದರು. ಸ್ವಲ್ಪ ಬೇಗ ಬರಿ.

ಕಲ್ಮೇಶ್


ಹಾವೇರಿ
೧೯ ಜೂನ್ ೨೦೨೪

ಅಣ್ಣನಿಗೆ ಜಯದೇವಿಯ ಶರಣು.

ನಿನ್ನ ಕಾಗದ ಬಂದಾಗಿನಿಂದ ಮೂರು ಸಲ ಓದಿದೆ. ಅವ್ವ ಹೋಗಿ ಆರು ವರ್ಷವಾಯಿತು. ಆ ನಾಲ್ಕು ವರ್ಷ ನಾನು ಏನು ಮಾಡುತ್ತಿದ್ದೆ ಅಂತ ಈವರೆಗೆ ಒಬ್ಬರೂ ಕೇಳಿರಲಿಲ್ಲ. ನಮ್ಮನೆಯವರೂ ಕೇಳಿಲ್ಲ. ನೀನು ಕೇಳಿದೆ ಅಂತ ಅವರಿಗೂ ಓದಿ ತೋರಿಸಿದೆ. ನಗಬೇಡ.

ಎಣ್ಣೆಯದೇನೂ ಹೆಚ್ಚುಗಾರಿಕೆ ಇಲ್ಲ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಅದೇ ಮುಖ್ಯ. ಎಡ ಮಗ್ಗುಲು, ಅಂಗಾತ, ಬಲ ಮಗ್ಗುಲು. ಹಾಸಿಗೆಯ ಬಟ್ಟೆಯಲ್ಲಿ ಒಂದು ನೆರಿಗೆಯೂ ಉಳಿಯಬಾರದು. ಮೊಣಕಾಲುಗಳ ನಡುವೆ ಹಳೇ ಸೀರೆ ಮಡಚಿ ಇಡುತ್ತಿದ್ದೆ. ಹಿಮ್ಮಡಿ ಹಾಸಿಗೆಗೆ ತಾಗಬಾರದು, ಅದಕ್ಕೆ ಮೀನಖಂಡದ ಕೆಳಗೆ ದಿಂಬು. ಮೈ ಒದ್ದೆಯಾದರೆ ತಕ್ಷಣ ಒರೆಸಿ ಒಣಗಿಸಬೇಕು. ಎಲ್ಲಾದರೂ ಕೆಂಪಾಗಿದ್ದು ಕಂಡರೆ ಅಲ್ಲಿ ಉಜ್ಜಲೇಬಾರದು. ಉಜ್ಜಿದರೆ ಒಳಗಿನ ಚರ್ಮ ಹರಿಯುತ್ತದೆ. ಇದಕ್ಕೆ ಅಡಿಗೆರೆ ಎಳೆದಿದ್ದೇನೆ ನೋಡು.

ಗಂಜಿಯನ್ನು ಚಮಚದಲ್ಲಿ ಎಡಗಡೆಯಿಂದ ಹಾಕುತ್ತಿದ್ದೆ, ಬಲಗಡೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕೆಲವು ದಿನ ಮುಖಕ್ಕೇ ಉಗಿಯುತ್ತಿದ್ದಳು. "ನೀ ಯಾರ ಮನಿ ಹುಡುಗೀನ? ನಿಮ್ಮ ಮನಿಗೆ ಹೋಗ" ಅನ್ನುತ್ತಿದ್ದಳು. ಸ್ನಾನದ ನಂತರ ತಲೆ ಬಾಚುವಾಗ ಮಾತ್ರ ಸುಮ್ಮನಿರುತ್ತಿದ್ದಳು. ಕೂದಲು ಉದುರಿ ಬೆರಳಿನಷ್ಟು ಜಡೆ ಉಳಿದಿತ್ತು. ಅದನ್ನೇ ಅರ್ಧ ಗಂಟೆ ಬಾಚುತ್ತಿದ್ದೆ.

ಅಣ್ಣಾ, ಒಂದು ಮಾತು ಕೇಳುತ್ತೇನೆ, ಮುಚ್ಚಿಡಬೇಡ. ಗುರುತಿನವರು ಅಂತ ಬರೆದಿದ್ದೀಯ. ವೈನಿಗೆ ಏನಾದರೂ ಆಗಿದೆಯಾ? ಸತ್ಯವತಿ ವೈನಿ ತಮ್ಮ ಕಷ್ಟ ಬಾಯಿಬಿಟ್ಟು ಹೇಳುವವರಲ್ಲ. ಹಾಗೇನಾದರೂ ಇದ್ದರೆ ಒಂದು ಸಾಲು ಬರಿ, ಮರುದಿನದ ರೈಲಿಗೆ ಬರುತ್ತೇನೆ.

ಜಯಾ


ಆರ್‌ಪಿಸಿ ಲೇಔಟ್
೪ ಜುಲೈ ೨೦೨೪

ಜಯಾ,

ಸತ್ಯವತಿ ಗುಂಡುಕಲ್ಲಿನ ಹಾಗಿದ್ದಾಳೆ. ನೀನು ಬರುವುದೇನೂ ಬೇಡ.

ಕೇಳಿದವನು ಸಂಪತ್ ಅಂತ, ನಮ್ಮ ಕ್ಲಬ್ಬಿಗೆ ಹೊಸದಾಗಿ ಸೇರಿದವನು. ನಾಯಂಡಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇದೆ, ಮನೆ ಬಾಪೂಜಿ ನಗರ. ಅವನ ತಂದೆ ಕೆಂಚಪ್ಪ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ನೋಡಿಕೊಳ್ಳಲು ಇಟ್ಟಿದ್ದವರನ್ನು ಬಿಡಿಸಿ, ತಾನೇ ಮಾಡುತ್ತೇನೆ ಅಂತ ಕೂತಿದ್ದಾನೆ. "ನಿಮ್ಮ ಮಾತು ಕೇಳಿ ಮನ್ಸು ಬದಲಾಯ್ತು ಸಾರ್" ಅಂತ ನನ್ನ ಕೈ ಹಿಡಿದುಕೊಂಡ. ಒಳ್ಳೆಯವನು, ಆದರೆ ಬಿಡುವುದೇ ಇಲ್ಲ, ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ. ನಾವು ಅವ್ವನಿಗೆ ಮಾಡಿದ ಹಾಗೆ ಹಿಮ್ಮಡಿಗೆ ಚೆನ್ನಾಗಿ ಎಣ್ಣೆ ಹಚ್ಚಿ ಉಜ್ಜು ಅಂತ ಹೇಳಿದ್ದೇನೆ.

ಈಗ ಅವನು ಕೇಳುತ್ತಿರುವುದು: ಮಲಗಿದಲ್ಲೇ ಸ್ನಾನ ಮಾಡಿಸುವುದು ಹೇಗೆ? ಬೈದರೆ ಏನು ಮಾಡಬೇಕು? ನನಗೆ ನೆನಪಿಲ್ಲ, ಬರಿ.

ಆಗಸ್ಟ್ ಕೊನೆಗೆ ಎಲ್ಲ ಶಾಖೆಗಳೂ ಸೇರುವ ಸಮ್ಮೇಳನವಿದೆ. ಆರುನೂರು ಜನ ಬರುತ್ತಾರಂತೆ. ನನಗೂ ಮಾತಾಡು ಅಂದಿದ್ದಾರೆ.

ಕಲ್ಮೇಶ್


ಹಾವೇರಿ
೧೫ ಜುಲೈ ೨೦೨೪

ಸಹೃದಯ ಸೇವಾ ಕ್ಲಬ್ಬಿನ ಉಪಾಧ್ಯಕ್ಷರಾದ ಶ್ರೀ ಕಲ್ಮೇಶ್ ಅವರಿಗೆ,

ವೈನಿ ಮೆಂತ್ಯಹಿಟ್ಟಿನ ಡಬ್ಬಿ ಕಳಿಸಿದ್ದರು. ಡಬ್ಬಿಗೆ ಸುತ್ತಿದ ಕಾಗದ ನಿಮ್ಮ ಕ್ಲಬ್ಬಿನ ವಾರಪತ್ರಿಕೆ. ಅದರ ಮೇಲೆ ವೈನಿ ಪೆನ್ನಿನಲ್ಲಿ 'ಓದು' ಅಂತ ಒಂದೇ ಪದ ಬರೆದಿದ್ದಾರೆ. ಓದಿದೆ.

'ತಾಯಿಯ ತಲೆ ಬಾಚಿದ ಮಗ' ಅಂತ ದಪ್ಪಕ್ಷರದಲ್ಲಿದೆ. ಕೆಳಗೆ ನಿನ್ನ ಫೋಟೋ, ಹೆಗಲ ಮೇಲೆ ಶಾಲು. "ನಾಲ್ಕು ವರ್ಷ ನನ್ನ ತಾಯಿಗೆ ಈ ಕೈಯಿಂದಲೇ ಗಂಜಿ ಕುಡಿಸಿದೆ, ಈ ಕೈಯಿಂದಲೇ ಬೆರಳಿನಷ್ಟಾದ ಅವಳ ಜಡೆ ಬಾಚಿದೆ. ಗಂಡಸಾಗಿದ್ದ ನಾನು ಅಂದು ಮನುಷ್ಯನಾದೆ." ನಲವತ್ತು ಜನ ಅತ್ತರಂತೆ. ಅಧ್ಯಕ್ಷರು ಗಂಟೆ ಹೊಡೆಯುವುದನ್ನೇ ಮರೆತರಂತೆ.

ನಾಚಿಕೆ ಆಗಲಿಲ್ಲವೇನೋ ನಿನಗೆ?

ಯಾವ ಕೈ? ಮೂಗಿಗೆ ಕರ್ಚೀಫು ಹಿಡಿದುಕೊಂಡ ಕೈಯೇ? ಬೆಳಿಗ್ಗೆ ಎಂಟು ಗಂಟೆಗೆ ಮಹಡಿಯಿಂದ ಇಳಿದು ಬಂದು, ಅವ್ವನ ಕೋಣೆಯ ಬಾಗಿಲಲ್ಲಿ ನಿಂತು, "ಹೆಂಗದಾಳ?" ಅಂತ ಕೇಳಿ, ಉತ್ತರ ಬರುವ ಮೊದಲೇ ಅಂಗಡಿಗೆ ಹೊರಡುತ್ತಿದ್ದೆ. ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನಾನು ಬೆರಳಲ್ಲಿ ಎಣಿಸಿ ಹೇಳಬಲ್ಲೆ. ಅವಳ ಬಟ್ಟೆ ವೈನಿ ಒಗೆದರು. ಉಳಿದದ್ದೆಲ್ಲ ನಾನು ಮಾಡಿದೆ. ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ನಿಮ್ಮನೆಗೆ ಬಂದು ಮಾಡಿದೆ. ಮಗಳು ಶರಣ್ಯಾ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಾಗ ಅವಳಿಗೆ ಬುತ್ತಿ ಕಟ್ಟಲು ನಾನು ಮನೆಯಲ್ಲಿರಲಿಲ್ಲ. ನಾನು ಇದನ್ನೆಂದೂ ಎತ್ತಿ ಆಡಿದವಳಲ್ಲ. ಅವ್ವನಿಗೆ ಮಾಡಿದ್ದು, ಅದನ್ನು ಆಡಿಕೊಳ್ಳುವುದೇನು ಅಂತ ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದು ನೀನು ಎತ್ತಿಕೊಂಡು ಹೋಗಿ ಹೆಗಲಿಗೆ ಹೊದ್ದುಕೊಳ್ಳಲಿ ಅಂತಲ್ಲ.

ನೀನು ಕಾಗದ ಬರೆದಾಗ ನಾನು ಎಷ್ಟು ಹಿಗ್ಗಿದ್ದೆ ಗೊತ್ತಾ? ಅಣ್ಣ ಕೊನೆಗೂ ಕೇಳಿದ ಅಂತ. ನಿನಗೆ ಬೇಕಾಗಿದ್ದದ್ದು ಮುಂದಿನ ಭಾಷಣಕ್ಕೆ ಸಾಮಾನು.

ಹೋಗಲಿ, ನನ್ನದು ಆಮೇಲೆ ಇರಲಿ. ಹಿಮ್ಮಡಿ ಉಜ್ಜು ಅಂತ ಹೇಳಿದ್ದೀಯ! ಉಜ್ಜಲೇಬಾರದು ಅಂತ ಅಡಿಗೆರೆ ಎಳೆದು ಬರೆದಿದ್ದೆ. ನನ್ನ ಕಾಗದವನ್ನಾದರೂ ಪೂರ್ತಿ ಓದಿದೆಯಾ? ಇದು ಕೈಗೆ ಸಿಕ್ಕ ಕೂಡಲೇ ಆ ಸಂಪತ್‌ಗೆ ಹೇಳು. ಮುಂದಿನ ಬುಧವಾರ ಅದೇ ಸಭೆಯಲ್ಲಿ ಎದ್ದು ನಿಂತು, ಮಾಡಿದ್ದು ನಾನಲ್ಲ, ನನ್ನ ತಂಗಿ ಅಂತ ಹೇಳು. ನನಗೆ ಬೇರೇನೂ ಬೇಡ.

ಜಯದೇವಿ


ಆರ್‌ಪಿಸಿ ಲೇಔಟ್
೨೨ ಜುಲೈ ೨೦೨೪

ಜಯಾ,

ಮನೆಯೊಳಗೇ ಶತ್ರು ಇದ್ದಾಳೆ ಅಂತ ಈಗ ಗೊತ್ತಾಯಿತು. ಸತ್ಯವತಿಯನ್ನು ಕೇಳಿದರೆ "ಡಬ್ಬಿ ಸುತ್ತೋಕೆ ಬೇರೆ ಪೇಪರ್ ಇರ್ಲಿಲ್ಲ" ಅನ್ನುತ್ತಾಳೆ.

ನಿನ್ನ ಕೋಪ ಸರಿ, ಒಪ್ಪಿದೆ. ಆದರೆ ನನ್ನ ಮಾತನ್ನೂ ಕೇಳು. ಆ ದಿನ ನನ್ನ ಸರದಿ. ಮನೆಯವರಿಗಾಗಿ ಕೈಯಾರೆ ಮಾಡಿದ್ದು ಏನಿದೆ ಅಂತ ಮೂರು ದಿನ ಯೋಚಿಸಿದೆ. ಒಂದೂ ಸಿಗಲಿಲ್ಲ. ಅಂಗಡಿ ಕಟ್ಟಿದೆ, ಮನೆ ಕಟ್ಟಿದೆ, ಅವ್ವನ ಆಸ್ಪತ್ರೆಗೆ ಕೊಟ್ಟೆ. ಅದನ್ನೆಲ್ಲ ಹೇಳುವ ಹಾಗಿಲ್ಲ, ದುಡ್ಡು ಲೆಕ್ಕಕ್ಕಿಲ್ಲ ಅಂತ ಆ ಶಿವಕಿರಣ್ ಹೇಳಿದ್ದಾನೆ. ಎದ್ದು ನಿಂತಾಗ ಬಾಯಿಗೆ ಬಂದದ್ದು ಅವ್ವನ ಜಡೆ.

ಆ ಸುಳ್ಳು ನನ್ನದಲ್ಲ ಜಯಾ, ನಿನ್ನದು. ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತಿದ್ದೆ, ನೀನು ನನಗೆ ಬೆನ್ನು ಹಾಕಿ ಕೂತಿದ್ದೆ. "ಕಲ್ಲ್ಯಾ ಬಂದಿದ್ನೇನ?" ಅಂತ ಅವ್ವ ಕೇಳಿದಳು. "ಬಂದಿದ್ದ ಅವ್ವಾ, ನಿನಗ ನಿದ್ದಿ ಹತ್ತಿತ್ತು. ಅವನ ನಿನ್ನ ತಲಿ ಬಾಚಿ ಹೋದ" ಅಂತ ನೀನು ಹೇಳಿದೆ. ಅವ್ವ ಒಳ್ಳೆಯ ಕೈಯಿಂದ ತಲೆ ಮುಟ್ಟಿಕೊಂಡು ನಕ್ಕಳು. ನೀನು ಅವ್ವನಿಗೆ ಹೇಳಿದ್ದನ್ನೇ ನಾನು ಕ್ಲಬ್ಬಿನಲ್ಲಿ ಹೇಳಿದೆ. ಅಷ್ಟಕ್ಕೆ ನನ್ನನ್ನು ಕಳ್ಳನನ್ನು ಮಾಡುತ್ತೀಯಲ್ಲ!

ನನ್ನ ಮಾತಿನಿಂದ ಒಳ್ಳೆಯದೇ ಆಗಿದೆ. ಸಂಪತ್ ಅಪ್ಪನನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದಾನೆ. ಈಗ ಸುಳ್ಳು ಅಂದರೆ ಅವನ ಮನಸ್ಸು ಮುರಿಯುವುದಿಲ್ಲವೇ? ಉಜ್ಜುವ ವಿಷಯವನ್ನೂ ಹೇಗೆ ಬದಲಾಯಿಸಿ ಹೇಳಲಿ? ನಾಲ್ಕು ವರ್ಷ ಮಾಡಿದವರಿಗೆ ಇಷ್ಟೂ ಗೊತ್ತಿರಲಿಲ್ಲವಾ ಅಂತ ಕೇಳುತ್ತಾನೆ. ಸಮ್ಮೇಳನ ಮುಗಿಯಲಿ, ಸಮಯ ನೋಡಿ ಹೇಳುತ್ತೇನೆ.

ಕಲ್ಮೇಶ್


ಹಾವೇರಿ
೨೭ ಜುಲೈ ೨೦೨೪

ಹಾಗಾದರೆ ನೀನು ಕೇಳಿಸಿಕೊಂಡಿದ್ದೆ.

ನಾನು ಹತ್ತು ವರ್ಷದಿಂದ ಬೇರೆಯೇ ತಿಳಿದಿದ್ದೆ. ಅಣ್ಣನಿಗೆ ಒಳಗಿನದು ಗೊತ್ತಾಗುವುದಿಲ್ಲ, ಗಂಡಸು, ಅಂಗಡಿಯ ಚಿಂತೆ, ಅವ್ವ ಕೇಳುತ್ತಾಳೆ ಅಂತಲೂ ಅವನಿಗೆ ತಿಳಿಯದು ಅಂತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಅವಳು ಕೇಳಿದ್ದು ನಿನಗೆ ಕೇಳಿಸಿತ್ತು. ನಿನ್ನ ಹೆಸರಿನಲ್ಲಿ ನಾನು ಸುಳ್ಳು ಹೇಳುತ್ತಿದ್ದೇನೆ ಅಂತಲೂ ಗೊತ್ತಾಗಿತ್ತು. ಅವಳು ತಲೆ ಮುಟ್ಟಿಕೊಂಡು ನಕ್ಕದ್ದನ್ನೂ ನೋಡಿದ್ದೆ. ನೋಡಿ ಅಂಗಡಿಗೆ ಹೋದೆ. ಮರುದಿನವಾದರೂ ಬಂದು ಒಂದು ಸಲ ಬಾಚಣಿಗೆ ಹಿಡಿಯಬೇಕು ಅನ್ನಿಸಲಿಲ್ಲವಾ ನಿನಗೆ? ಸಾಯುವವಳ ಸಮಾಧಾನಕ್ಕೆ ಹೇಳಿದ ಸುಳ್ಳೂ, ಶಾಲಿಗಾಗಿ ಹೇಳಿದ ಸುಳ್ಳೂ ಒಂದೇ ಅನ್ನುತ್ತೀಯಲ್ಲ, ನಿನ್ನ ಬಾಯಿಗೆ ಏನು ಹೇಳಲಿ!

ಸಮಯ ನೋಡುವುದು ಬೇಡ. ಆ ಮುದುಕರ ಹಿಮ್ಮಡಿ ಸಮ್ಮೇಳನದ ತಾರೀಖು ನೋಡಿಕೊಂಡು ಕಾಯುವುದಿಲ್ಲ. ಬರುವ ಬುಧವಾರ ನೀನು ಹೇಳದಿದ್ದರೆ, ಅದರ ಮುಂದಿನ ಬುಧವಾರ ನಾನೇ ಬಂದು ನಿಮ್ಮ ಸಭೆಯ ಮಧ್ಯೆ ನಿಲ್ಲುತ್ತೇನೆ. ಮೂರು ನಿಮಿಷ ಸಾಕು ನನಗೆ.

ಜಯದೇವಿ


ಆರ್‌ಪಿಸಿ ಲೇಔಟ್
೧೨ ಆಗಸ್ಟ್ ೨೦೨೪

ಜಯಾ,

ನಿನ್ನ ಕಾಗದ ಮೂವತ್ತೊಂದನೇ ತಾರೀಖು ಮಧ್ಯಾಹ್ನ ಕೈಗೆ ಬಂತು. ಅದೇ ಸಂಜೆ ಸಭೆಯಲ್ಲಿ ಹೇಳಿದೆ; ಹೇಳಿದೆ ಅಂತ ಸತ್ಯವತಿ ನಿನಗೆ ಫೋನಿನಲ್ಲಿ ತಿಳಿಸಿದ್ದಾಳೆ. ಸರದಿ ನನ್ನದಲ್ಲದಿದ್ದರೂ ಎದ್ದು ನಿಂತೆ. "ನಾನು ಹೇಳಿದ್ದು ಸುಳ್ಳು. ನನ್ನ ತಾಯಿಯನ್ನು ನಾಲ್ಕು ವರ್ಷ ನೋಡಿಕೊಂಡದ್ದು ನನ್ನ ತಂಗಿ ಜಯದೇವಿ. ನಾನು ಬಾಗಿಲಲ್ಲಿ ನಿಂತಿದ್ದೆ." ಅಷ್ಟೇ. ಉಗಿಯುತ್ತಾರೆ, ಕ್ಲಬ್ಬಿನಿಂದ ತೆಗೆಯುತ್ತಾರೆ ಅಂತ ತಯಾರಾಗಿದ್ದೆ.

ಚಪ್ಪಾಳೆ ತಟ್ಟಿದರು ಜಯಾ! ಎದ್ದು ನಿಂತು ತಟ್ಟಿದರು. ಶಿವಕಿರಣ್ ಓಡಿ ಬಂದು ತಬ್ಬಿಕೊಂಡ. "ಸಾರ್, ಇದೇ ರಿಯಲ್ ಗ್ರೋತ್! ಇಷ್ಟು ಧೈರ್ಯ ಯಾರಿಗಿದೆ?" ಅಂತ ಮೈಕಿನಲ್ಲಿ ಕೂಗಿದ. ಅಧ್ಯಕ್ಷರು ಇನ್ನೊಂದು ಶಾಲು ತರಿಸಿದರು. ನಾನು ಬೇಡ ಅಂದದ್ದಕ್ಕೆ ವಿನಯವೂ ಇದೆ ಅಂದರು. ಸಮ್ಮೇಳನದಲ್ಲಿ ಈಗ ಇದನ್ನೇ ಹೇಳಬೇಕಂತೆ, ಹತ್ತು ನಿಮಿಷ ಕೊಡುತ್ತಾರಂತೆ. ನಾನು ಬರುವುದಿಲ್ಲ ಅಂತ ಬರೆದು ಕೊಟ್ಟಿದ್ದೇನೆ.

ವಾರಪತ್ರಿಕೆ ಇದರ ಜೊತೆ ಇಟ್ಟಿದ್ದೇನೆ, ಯಾರ ಮೂಲಕವೋ ಸಿಗುವುದು ಬೇಡ. 'ಸತ್ಯ ನುಡಿದ ಕಲ್ಮೇಶ್' ಅಂತ ಹಾಕಿದ್ದಾರೆ. ಪುಟದ ತುಂಬ ನನ್ನ ಮುಖ. ನಿನ್ನ ಹೆಸರೇ ಇಲ್ಲ, 'ಸಹೋದರಿಯೊಬ್ಬರ ನೆರವಿನಿಂದ' ಅಂತಿದೆ. ಪತ್ರಿಕೆ ಮಾಡುವ ಗಿರಿರಾಜ್ ಜೊತೆ ಜಗಳವಾಡಿದೆ. "ಜಾಗ ಸಾಕಾಗ್ಲಿಲ್ಲ ಸಾರ್, ಬೇಕಾದ್ರೆ ಮೇಡಮ್ಮೋರನ್ನ ಫ್ಯಾಮಿಲಿ ಮೀಟಿಂಗ್‌ಗೆ ಕರ್ಸಿ, ಪ್ರಾರ್ಥನೆ ಹಾಡಿಸೋಣ" ಅಂದ. ಮೈಯೆಲ್ಲ ಉರಿದುಹೋಯಿತು. ನಿನಗೆ ಎಷ್ಟು ಉರಿದಿರಬೇಕು ಅಂತ ಆಗ ಸ್ವಲ್ಪ ತಿಳಿಯಿತು.

ಚಪ್ಪಾಳೆ ತಟ್ಟದವನು ಒಬ್ಬನೇ, ಸಂಪತ್. ಎದ್ದು ಹೊರಗೆ ಹೋದ. ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದೆ. ಅವನು ಬೈಯಲೂ ಇಲ್ಲ. "ನಿಮ್ಮ ತಂಗಿ ಮಾಡಿದ್ದು ಅಂತ ಮೊದ್ಲೇ ಹೇಳಿದ್ರೆ ಅವರ್ನೇ ಕೇಳ್ತಿದ್ನಲ್ಲ ಸಾರ್. ನೀವು ಹೇಳಿದ್ರಿ ಅಂತ ದಿನಾ ಉಜ್ಜಿದೆ. ನಮ್ಮಪ್ಪನ ಹಿಮ್ಮಡಿ ಕಿತ್ತು ಹೋಗಿದೆ" ಅಂದ. ಎಡಗಾಲು. ಅವನು ಅದನ್ನು ನನಗೆ ಹೇಳಿರಲಿಲ್ಲ, ತಾನೇ ಸರಿಯಾಗಿ ಉಜ್ಜಿಲ್ಲವೇನೋ ಅಂದುಕೊಂಡು ಇನ್ನೂ ಜೋರಾಗಿ ಉಜ್ಜುತ್ತಿದ್ದನಂತೆ.

ನಿನ್ನ ಮೊದಲ ಕಾಗದವನ್ನು ಅವನಿಗೆ ಕೊಟ್ಟೆ. ಈಗ ಏನು ಮಾಡಬೇಕು ಹೇಳು.

ಕಲ್ಮೇಶ್


ಹಾವೇರಿ
೧೭ ಆಗಸ್ಟ್ ೨೦೨೪

ಈಗ ಮಾಡಬೇಕಾದದ್ದನ್ನು ಕಾಗದದಲ್ಲಿ ಕೇಳುತ್ತಾರೇನು? ಹುಣ್ಣಾಗಿದೆ ಅಂದರೆ ಡಾಕ್ಟರಿಗೇ ತೋರಿಸಬೇಕು, ಮನೆ ಮದ್ದು ಏನೂ ಹಚ್ಚಬಾರದು. ಸಂಪತ್‌ಗೆ ನನ್ನ ಫೋನ್ ನಂಬರು ಕೊಡು. ನಿನ್ನ ಫೋನು ಎತ್ತದಿದ್ದರೂ ಅವನದು ಎತ್ತುತ್ತೇನೆ.

ಪ್ರಾರ್ಥನೆ ಹಾಡಲು ನಾನು ಬರುವುದಿಲ್ಲ ಅಂತ ಗಿರಿರಾಜ್‌ಗೆ ಹೇಳು. ನಿನ್ನ ಸಹೃದಯರ ಮೇಲೆ ನನಗೆ ಸಿಟ್ಟೂ ಉಳಿದಿಲ್ಲ. ಅವರು ಚಪ್ಪಾಳೆ ತಟ್ಟುವವರು, ತಟ್ಟುತ್ತಾರೆ. ನೀನು ನನ್ನ ಹೆಸರು ಹೇಳಿದೆ, ನನಗೆ ಅಷ್ಟು ಬೇಕಾಗಿತ್ತು. ಸಂಪತ್‌ಗೆ ಕೇಳಿಸಿದೆ.

ಆದರೆ ಆ ಹಿಮ್ಮಡಿಯ ಆರೈಕೆ ನಿನ್ನದು. ಅದನ್ನು ನಾನು ಮಾಡಿಕೊಡುವುದಿಲ್ಲ.

ಜಯಾ


ಆರ್‌ಪಿಸಿ ಲೇಔಟ್
೬ ಸೆಪ್ಟೆಂಬರ್ ೨೦೨೪

ಜಯಾ,

ಬಾಪೂಜಿ ನಗರಕ್ಕೆ, ಸಂಪತ್ ಮನೆಗೆ ಹೋಗುತ್ತಿದ್ದೇನೆ. ಬುಧವಾರ ಸಂಜೆ ಹೇಗೂ ಬಿಡುವು. ಕ್ಲಬ್ಬಿನ ಕಡೆ ಹೋಗಿಲ್ಲ. ಬೇರೆ ದಿನವೂ ಒಂದೆರಡು ಸಲ ಹೋದೆ. ಹುಣ್ಣು ಮಾಯುತ್ತಿದೆ ಅಂದರು ಡಾಕ್ಟರು. ಕೆಂಚಪ್ಪನವರು ಬಾಯಿ ತುಂಬ ಬೈಯುತ್ತಾರೆ.

ಬರೆಯುವಂಥದ್ದು ಬೇರೇನೂ ಇಲ್ಲ.

ಕಲ್ಮೇಶ್


ಹಾವೇರಿ
೧೨ ಸೆಪ್ಟೆಂಬರ್ ೨೦೨೪

ಅಣ್ಣಾ,

ನೀನು ಬರೆಯದ್ದನ್ನು ಸಂಪತ್ ಹೇಳಿದ. ವಾರಕ್ಕೆರಡು ಸಲ ಫೋನ್ ಮಾಡುತ್ತಾನೆ.

ಮೊದಲ ದಿನ ಬಟ್ಟೆ ಬದಲಾಯಿಸುವಾಗ ನಿನಗೆ ವಾಂತಿ ಬಂದು ಬಚ್ಚಲಿಗೆ ಓಡಿದೆಯಂತೆ. ಇನ್ನು ಇವರು ಬರುವುದಿಲ್ಲ ಅಂದುಕೊಂಡನಂತೆ. ಮುಖ ತೊಳೆದುಕೊಂಡು ವಾಪಸು ಬಂದೆಯಂತೆ. ಎರಡನೇ ವಾರ ಮುದುಕರು ಗಂಜಿಯನ್ನು ನಿನ್ನ ಅಂಗಿಯ ಮೇಲೆ ಉಗಿದು, "ಯಾವನ್ಲಾ ನೀನು, ಹೋಗಾಚೆ" ಅಂದರಂತೆ. ನೀನು ಒರೆಸಿಕೊಂಡು ಇನ್ನೊಂದು ಚಮಚ ಹಿಡಿದೆಯಂತೆ. ಮಗ್ಗುಲು ಬದಲಾಯಿಸುವುದನ್ನು ಸಂಪತ್ ನಾಲ್ಕು ಸಲ ತೋರಿಸಿಕೊಟ್ಟ ಮೇಲೆ ಕಲಿತೆಯಂತೆ. ಈಗ ಹಾಸಿಗೆಯ ನೆರಿಗೆಯನ್ನು ಅವನಿಗಿಂತ ನೀನೇ ಚೆನ್ನಾಗಿ ತೆಗೆಯುತ್ತೀಯ ಅಂದ.

ನೀನು ಬಾಗಿಲಲ್ಲಿ ನಿಂತದ್ದನ್ನು ನಾನು ಮರೆತಿಲ್ಲ. ಮರೆಯುತ್ತೇನೆ ಅಂತ ಮಾತೂ ಕೊಡುವುದಿಲ್ಲ. ಅವ್ವ ಕೇಳಿದ್ದು ನಿನ್ನನ್ನು, ಸಿಕ್ಕಿದ್ದು ಕೆಂಚಪ್ಪನವರಿಗೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೂ ಬರುವ ಬುಧವಾರ ತಪ್ಪಿಸಬೇಡ, ಹೋಗು. ಹುಣ್ಣು ಮಾಯ್ದ ಮೇಲೂ ಹೋಗು. ಮತ್ತು ಇದನ್ನು ಯಾವ ಸಭೆಯಲ್ಲೂ ಹೇಳಬೇಡ.

ಜಯಾ